ಕರೆಂಟು ಬಂದ ಮೇಲೆ: ಹಳೆಯ ಸ್ಕ್ರಿಪ್ಟುಗಳು, ಹೊಸ ವ್ಯವಸ್ಥೆ ಮತ್ತು ಮಲೆನಾಡಿನ ಸರ್ವರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲವೆಂದರೆ ಕರೆಂಟು ಹೋಗಿ ಬರುವ ಕಾಲವೂ ಹೌದು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ಮಳೆಗೆ, ಅದರ ಜೊತೆಗಿನ ಗಾಳಿಗೆ ತಂತಿಯ ಮೇಲೆ ಮರ ಬೀಳುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಹಿಂದೆ ಕರೆಂಟು ಹೋದರೆ ದೀಪ ಆರುತ್ತಿತ್ತು, ಮಿಕ್ಸಿ ನಿಲ್ಲುತ್ತಿತ್ತು. ಬಂದಾಗ ಎಲ್ಲವೂ ತಾವೇ ಶುರುವಾಗುತ್ತಿದ್ದವು. ಈಗ ಸಹಕಾರ ಸಂಘದ ಲೆಕ್ಕ, ಕಾಲೇಜು ಗ್ರಂಥಾಲಯದ ಪುಸ್ತಕಪಟ್ಟಿ, ಆಸ್ಪತ್ರೆಯ ಚೀಟಿ, ಶಾಲೆಯ ಪ್ರಯೋಗಾಲಯ ಎಲ್ಲದರ ಹಿಂದೆಯೂ ಯಂತ್ರವೊಂದಿದೆ. ಅದು ಊರಿನಲ್ಲೇ ಇರಬಹುದು, ದೂರದಲ್ಲಿರಬಹುದು. ಊರಿನಲ್ಲೇ ಇದ್ದರೆ, ಯುಪಿಎಸ್ ಸುಸ್ತಾದ ಮೇಲೆ ಅದು ಸತ್ತು, ಕರೆಂಟು ಬಂದಾಗ ಮತ್ತೆ ಎದ್ದು ನಿಲ್ಲಬೇಕು. ಎದ್ದು ನಿಲ್ಲುವುದೆಂದರೆ ಗುಂಡಿ ಒತ್ತಿದ ಕೂಡಲೇ ಮುಗಿಯುವ ಕೆಲಸವಲ್ಲ. ಡೇಟಾಬೇಸು ಮೊದಲು ಏಳಬೇಕು, ಆಮೇಲೆ ಅದನ್ನು ನೆಚ್ಚಿದ ತಂತ್ರಾಂಶ, ಆಮೇಲೆ ಹೊರಗಿನವರಿಗೆ ಬಾಗಿಲು ತೆರೆಯುವ ವೆಬ್ ಸರ್ವರು. ಈ ಕ್ರಮವನ್ನು ಯಾರು ಬಲ್ಲರು, ಎಲ್ಲಿ ಬರೆದಿಟ್ಟಿದ್ದಾರೆ, ನಡುವೆ ಒಂದು ಎಡವಿದರೆ ಯಾರು ಎತ್ತುತ್ತಾರೆ ಎಂಬುದೇ ಈ ಉಪನ್ಯಾಸದ ವಿಷಯ. ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಕೆಲವರಿಗಾದರೂ ಅನಿಸೀತು. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಸಂಸ್ಥೆಗಳು ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆಯುತ್ತವೆಯೋ ಇಲ್ಲವೋ ಎಂಬುದು ಈಗ ಇದರ ಮೇಲೂ ನಿಂತಿರುವುದರಿಂದ ವಿಷಯ ಸಾರ್ವಜನಿಕವೇ.

ಲಿನಕ್ಸ್ ಯಂತ್ರ ಶುರುವಾದಾಗ ಅದರ ತಿರುಳಾದ ಕರ್ನಲ್ ಮೊದಲು ಎಬ್ಬಿಸುವ ಪ್ರೋಗ್ರಾಮಿಗೆ ಇನಿಟ್ ಎಂದು ಹೆಸರು. ಅದರ ಸಂಖ್ಯೆ 1. ಉಳಿದವರನ್ನೆಲ್ಲ ಎಬ್ಬಿಸುವ ಹೊಣೆ ಅದರದು. ಎಟಿ ಅಂಡ್ ಟಿ ಕಂಪನಿ 1983ರಲ್ಲಿ ಹೊರತಂದ ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಪದ್ಧತಿಯಲ್ಲಿ ಇನಿಟ್ ತಾನಾಗಿ ಹೆಚ್ಚೇನೂ ಮಾಡುತ್ತಿರಲಿಲ್ಲ. ಒಂದು ಕಡತಕೋಶದಲ್ಲಿ ಒಂದೊಂದು ಸೇವೆಗೆ ಒಂದೊಂದು ಶೆಲ್ ಸ್ಕ್ರಿಪ್ಟು ಇರುತ್ತಿತ್ತು. ಸ್ಕ್ರಿಪ್ಟಿಗೆ ‘ಸ್ಟಾರ್ಟ್’ ಎಂದರೆ ಶುರು, ‘ಸ್ಟಾಪ್’ ಎಂದರೆ ನಿಲುಗಡೆ. ಕ್ರಮ ತಿಳಿಸಲು ಹೆಸರಿನ ಮುಂದೆ ಅಂಕಿ: 20 ಮೊದಲು, 80 ಆಮೇಲೆ. ಸರಳ ಪದ್ಧತಿ, ಮೂರು ದಶಕ ನಡೆಯಿತು. ಆದರೆ ಅಂಕಿಗೆ ಕಾರಣ ಗೊತ್ತಿಲ್ಲ. ಇಪ್ಪತ್ತನೆಯದಾದ ಮೇಲೆ ಎಂಬತ್ತನೆಯದು ಬರಬೇಕೆಂದು ಅದು ಹೇಳುತ್ತದೆ; ಯಾಕೆ ಎಂದು ಹೇಳುವುದಿಲ್ಲ. ಸ್ಕ್ರಿಪ್ಟನ್ನು ಬರೆದಾತನಿಗೆ ಗೊತ್ತಿತ್ತು, ಆತ ಬೇರೆ ಕೆಲಸಕ್ಕೆ ಹೋದ ಮೇಲೆ ಅಂಕಿ ಮಾತ್ರ ಉಳಿಯಿತು. ಲಿನಕ್ಸ್ ಬಳಗದವರು ಆಮೇಲೆ ಸ್ಕ್ರಿಪ್ಟಿನ ತಲೆಯಲ್ಲಿ ‘ನನಗೆ ಇಂತಿಂಥವು ಮೊದಲೇ ಬೇಕು’ ಎಂಬ ಟಿಪ್ಪಣಿ ಬರೆಯುವ ಒಪ್ಪಂದ ಮಾಡಿಕೊಂಡರು. ತಂತ್ರಾಂಶಗಳನ್ನು ಪ್ಯಾಕೇಜುಗಳಾಗಿ ಕಟ್ಟಿ ಹಂಚುವ ಲಿನಕ್ಸ್ ವಿತರಣೆಗಳಲ್ಲೊಂದಾದ ಡೆಬಿಯನ್ ಅದರ ಆಧಾರದ ಮೇಲೆಯೇ ಕ್ರಮ ಕಟ್ಟಲು ತೊಡಗಿತು. ಕ್ರಮದ ಸಮಸ್ಯೆ ಅರ್ಧ ತೀರಿತು. ಎಬ್ಬಿಸಿದ ಮೇಲೆ ಸೇವೆ ಬದುಕಿದೆಯೇ ಎಂದು ನೋಡುವವರು ಮಾತ್ರ ಆಗಲೂ ಯಾರೂ ಇರಲಿಲ್ಲ.

ಬದುಕಿದೆಯೇ ಎಂದು ತಿಳಿಯಲು ಹಳೆಯ ಪದ್ಧತಿಯ ಉಪಾಯ ಪಿಐಡಿ ಕಡತ. ಸೇವೆ ಎದ್ದಾಗ ತನ್ನ ಪ್ರೋಸೆಸ್ ಸಂಖ್ಯೆಯನ್ನು ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತದೆ, ನಿಲ್ಲುವಾಗ ಅಳಿಸುತ್ತದೆ. ಕರೆಂಟು ಹೋದಾಗ ಅಳಿಸುವ ಪುರಸೊತ್ತು ಯಾರಿಗಿದೆ? ಕಡತ ಉಳಿಯುತ್ತದೆ, ಸೇವೆ ಇರುವುದಿಲ್ಲ. ಯಂತ್ರ ಮತ್ತೆ ಶುರುವಾದಾಗ ಅದೇ ಸಂಖ್ಯೆ ಇನ್ಯಾವುದೋ ಪ್ರೋಸೆಸ್ಸಿಗೆ ಸಿಕ್ಕಿದ್ದರೆ, ‘ನಾನು ಆಗಲೇ ಓಡುತ್ತಿದ್ದೇನೆ’ ಎಂದು ನಂಬಿ ಸೇವೆ ಏಳಲು ಒಪ್ಪುವುದಿಲ್ಲ. ಇದು ಊಹೆಯ ಕಷ್ಟವಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸು ಇಂಥ ಕಡತವನ್ನು ತನ್ನ ದತ್ತಾಂಶದ ಕೋಶದಲ್ಲೇ ಇಡುತ್ತದೆ. ಅದರ ಮೂಲ ಸಂಕೇತದಲ್ಲಿ, ಕಡತದಲ್ಲಿರುವ ಸಂಖ್ಯೆ ತನ್ನದೇ ಆಗಿದೆಯೋ, ತನ್ನ ತಂದೆಯದೋ, ತಾತನದೋ ಎಂದು ಪರೀಕ್ಷಿಸುವ ಭಾಗವೊಂದಿದೆ. ಯಂತ್ರ ಪ್ರತಿಸಲ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಏಳುವುದರಿಂದ ಹಳೆಯ ಸಂಖ್ಯೆಯೇ ಅಥವಾ ಅದರ ನೆರೆಯ ಸಂಖ್ಯೆಯೇ ಮತ್ತೆ ಸಿಗುವ ಸಂಭವ ಹೆಚ್ಚು ಎಂಬ ವಿವರಣೆಯನ್ನೂ ಅಲ್ಲೇ ಬರೆದಿದ್ದಾರೆ. ಅಷ್ಟು ದೊಡ್ಡ ಡೇಟಾಬೇಸಿನವರು ತಲೆಕೆಡಿಸಿಕೊಂಡು ಬರೆದ ಈ ಎಚ್ಚರಿಕೆ ಸಣ್ಣಪುಟ್ಟ ತಂತ್ರಾಂಶಗಳ ಸ್ಕ್ರಿಪ್ಟುಗಳಲ್ಲಿ ಇರಲಿಲ್ಲ. ಅಲ್ಲಿ ಆ ಎಚ್ಚರಿಕೆ ಒಬ್ಬ ಮನುಷ್ಯನ ರೂಪದಲ್ಲಿತ್ತು. ಫೋನು ಮಾಡಿದರೆ ಬಂದು, ಕಡತ ಅಳಿಸಿ, ಸೇವೆಯನ್ನು ಕೈಯಾರೆ ಎಬ್ಬಿಸಿ ಹೋಗುವ ಮನುಷ್ಯ.

ಹಳೆಯ ಪದ್ಧತಿಯಿಂದ ಹೊಸದಕ್ಕೆ ಹೋಗುವುದೆಂದರೆ ಆ ಮನುಷ್ಯನ ತಲೆಯಲ್ಲಿರುವುದನ್ನು ಪ್ಯಾಕೇಜಿನೊಳಕ್ಕೆ ತರುವುದು ಎಂಬುದೇ ನನ್ನ ವಾದ. ಸ್ಕ್ರಿಪ್ಟಿನ ಸಾಲುಗಳನ್ನು ಹೊಸ ನಮೂನೆಗೆ ಇಳಿಸುವುದು ಅದರ ಸುಲಭದ ಪಾಲು.

ಹೊಸ ನಮೂನೆಯ ಚರಿತ್ರೆಯನ್ನು ಬೇಗ ಹೇಳಿಬಿಡಬಹುದು. 2005ರಲ್ಲಿ ಸೋಲಾರಿಸ್ 10 ಮತ್ತು ಆಪಲ್‌ನ ಟೈಗರ್ ಎಂಬ ಎರಡು ಕಾರ್ಯಾಚರಣ ವ್ಯವಸ್ಥೆಗಳು ತಮ್ಮ ತಮ್ಮ ಸೇವಾ ನಿರ್ವಾಹಕಗಳನ್ನು ತಂದವು. 2006ರಲ್ಲಿ ಉಬುಂಟು ಅಪ್‌ಸ್ಟಾರ್ಟ್ ತಂದಿತು. 2010ರ ಏಪ್ರಿಲಿನಲ್ಲಿ ಲೆನಾರ್ಟ್ ಪೊಯೆಟರಿಂಗ್ ಸಿಸ್ಟಮ್‌ಡಿ ಎಂಬ ಹೊಸ ಇನಿಟ್‌ನ ಕಲ್ಪನೆಯನ್ನು ಪ್ರಕಟಿಸಿದರು. ಇನ್ನೊಂದು ಲಿನಕ್ಸ್ ವಿತರಣೆಯಾದ ಫೆಡೋರಾದ 2011ರ ಮೇ ತಿಂಗಳ 15ನೇ ಆವೃತ್ತಿಯಲ್ಲಿ ಅದೇ ಇನಿಟ್ ಆಯಿತು. ಡೆಬಿಯನ್ನಿನ ತಾಂತ್ರಿಕ ಸಮಿತಿ 2014ರ ಫೆಬ್ರುವರಿಯಲ್ಲಿ ನಾಲ್ಕಕ್ಕೆ ನಾಲ್ಕು ಮತ ಬಿದ್ದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಇದನ್ನೇ ಆಯ್ದುಕೊಂಡಿತು. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ತರಬೇತಿಯಲ್ಲಿ ಕಲಿತ ಉಬುಂಟು 14.04ರಲ್ಲಿ ಅಪ್‌ಸ್ಟಾರ್ಟ್ ಇತ್ತು, 16.04ಕ್ಕೆ ಬರುವ ಹೊತ್ತಿಗೆ ಸಿಸ್ಟಮ್‌ಡಿ ಇತ್ತು. ಪರದೆಯ ಮೇಲೆ ಯಾವ ವ್ಯತ್ಯಾಸವೂ ಕಾಣದಿದ್ದುದರಿಂದ ಬದಲಾವಣೆ ಬಹುಪಾಲು ಶಿಕ್ಷಕರ ಕಣ್ಣಿಗೆ ಬಿದ್ದಿರಲಾರದು. ಹೊಸ ಪದ್ಧತಿಯಲ್ಲಿ ಸ್ಕ್ರಿಪ್ಟಿನ ಜಾಗದಲ್ಲಿ ಒಂದು ಸಣ್ಣ ಘೋಷಣೆ ಇರುತ್ತದೆ. ಅದಕ್ಕೆ ಯೂನಿಟ್ ಫೈಲು ಎನ್ನುತ್ತಾರೆ. ಓಡಿಸಬೇಕಾದ ಪ್ರೋಗ್ರಾಮು ಇದು, ಇಂಥ ಬಳಕೆದಾರನ ಹೆಸರಿನಲ್ಲಿ ಓಡಲಿ, ಇಂಥದ್ದರ ನಂತರ ಏಳಲಿ, ಬಿದ್ದರೆ ಮತ್ತೆ ಎಬ್ಬಿಸು ಎಂದು ಹತ್ತು ಹನ್ನೆರಡು ಸಾಲು. ಎಬ್ಬಿಸಿ ಕಾಯುವುದು ಸಂಖ್ಯೆ 1ರ ಕೆಲಸ. 2008ರಿಂದ ಲಿನಕ್ಸ್ ಕರ್ನಲ್‌ನಲ್ಲಿರುವ ಸಿಗ್ರೂಪ್ ಎಂಬ ಸೌಲಭ್ಯದಿಂದ ಒಂದು ಸೇವೆಯ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೇ ಗುಂಪಿನಲ್ಲಿರುತ್ತವೆ, ತಪ್ಪಿಸಿಕೊಂಡು ಹೋಗಲಾರವು. ಸೇವೆ ಬದುಕಿದೆಯೇ ಎಂದು ಹಳಸಿದ ಕಡತವನ್ನು ಕೇಳಬೇಕಿಲ್ಲ.

ಇಷ್ಟು ಸುಲಭವಾದರೆ ಪ್ಯಾಕೇಜುಗಳನ್ನು ಬದಲಿಸಲು ವರ್ಷಗಟ್ಟಲೆ ಏಕೆ ಹಿಡಿಯಿತು? ಫೆಡೋರಾದ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನ ಹಳೆಯ ಸ್ಕ್ರಿಪ್ಟಿಗೆ ‘ಸ್ಟಾರ್ಟ್’, ‘ಸ್ಟಾಪ್’ಗಳ ಜೊತೆಗೆ ‘ಇನಿಟ್‌ಡಿಬಿ’ ಎಂಬ ಇನ್ನೊಂದು ಆಜ್ಞೆ ಗೊತ್ತಿತ್ತು. ಹೊಸ ಡೇಟಾಬೇಸಿಗೆ ಮೊದಲ ಸಲ ನೆಲೆ ಹಾಕಿಕೊಡುವುದು ಅದರ ಕೆಲಸ. ಫೈರ್‌ವಾಲ್‌ನ ಸ್ಕ್ರಿಪ್ಟಿಗೆ ‘ಸೇವ್’ ಗೊತ್ತಿತ್ತು: ಈಗಿನ ನಿಯಮಗಳನ್ನು ಬರೆದಿಡು ಎಂದು. ಯೂನಿಟ್ ಫೈಲಿನಲ್ಲಿ ಇಂಥ ಸ್ವಂತ ಆಜ್ಞೆಗಳಿಗೆ ಜಾಗವಿಲ್ಲ. ಪೋಸ್ಟ್‌ಗ್ರೆಸ್‌ಗೆ ಪ್ರತ್ಯೇಕ ಸಲಕರಣೆಯನ್ನೇ ಬರೆಯಬೇಕಾಯಿತು. ಮೈಎಸ್‌ಕ್ಯುಎಲ್‌ನ ಸ್ಕ್ರಿಪ್ಟು ಸರ್ವರನ್ನು ಎಬ್ಬಿಸಿ, ಅದು ಪ್ರಶ್ನೆಗೆ ಉತ್ತರ ಕೊಡುವವರೆಗೆ ಕಾದು, ಆಮೇಲೆ ‘ಆಯಿತು’ ಎನ್ನುತ್ತಿತ್ತು. ಈ ಕಾಯುವಿಕೆ ಬಿಟ್ಟುಹೋದರೆ ಅದರ ಹಿಂದೆ ನಿಂತ ಸೇವೆ ಬಾಗಿಲು ತೆರೆಯುವ ಮೊದಲೇ ತಟ್ಟಿ ವಾಪಸಾಗುತ್ತದೆ. ಹಾಗಾಗಿ ಕಾಯಲೆಂದೇ ಒಂದು ಚಿಕ್ಕ ಸಹಾಯಕ ಸ್ಕ್ರಿಪ್ಟನ್ನು ಸೇರಿಸಿದರು. ಇದೇ ಹೊತ್ತಿನಲ್ಲಿ ಓಡುವ ಸೇವೆಗಳ ತಾತ್ಕಾಲಿಕ ಕಡತಗಳ ಕೋಶ ಡಿಸ್ಕಿನಿಂದ ಮೆಮೊರಿಗೆ ಹೋಯಿತು. ಪ್ಯಾಕೇಜು ಹಾಕುವಾಗ ಅಲ್ಲಿ ಮಾಡಿಟ್ಟ ಉಪಕೋಶ ಮುಂದಿನ ಬೂಟ್‌ನಲ್ಲಿ ಮಾಯ. ಸೇವೆ ಎದ್ದು, ಬರೆಯಲು ಜಾಗ ಕಾಣದೆ ಬಿತ್ತು. ಆ ಕೋಶ ಅಲ್ಲಿರುತ್ತದೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ, ಎಲ್ಲರೂ ನಂಬಿದ್ದರು ಅಷ್ಟೆ. ಹತ್ತು ವರ್ಷದ ಹಿಂದೆ ಯಾರೋ ಎಡವಿದ ಕಡೆಯಲ್ಲೆಲ್ಲ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿರುತ್ತದೆ. ಯಾಕೆಂದು ತಿಳಿಯದೆ ಅದನ್ನು ಕಿತ್ತವರು ಅದೇ ಜಾಗದಲ್ಲಿ ಎಡವುತ್ತಾರೆ.

ಗ್ರಂಥಾಲಯದ ತಂತ್ರಾಂಶವಾದ ಕೋಹಾ ನಮಗೆ ಇನ್ನೂ ಹತ್ತಿರದ ಉದಾಹರಣೆ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯ ಟ್ರಸ್ಟಿಗಾಗಿ ಬರೆದು 2000ದ ಜನವರಿಯಲ್ಲಿ ಬಳಕೆಗೆ ಬಂದ ಈ ಮುಕ್ತ ತಂತ್ರಾಂಶವನ್ನು ಕರ್ನಾಟಕದ ಹಲವು ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಬಳಸುತ್ತವೆ. ಅದರ ಡೆಬಿಯನ್ ಪ್ಯಾಕೇಜಿನ ಜಾಣ್ಮೆಯೇನೆಂದರೆ ಒಂದೇ ಯಂತ್ರದಲ್ಲಿ ಹಲವು ಗ್ರಂಥಾಲಯಗಳನ್ನು ನಡೆಸಬಹುದು. ಆ ಜಾಣ್ಮೆ ಒಂದೇ ಇನಿಟ್ ಸ್ಕ್ರಿಪ್ಟಿನ ಹೊಟ್ಟೆಯಲ್ಲಿತ್ತು: ಒಂದೊಂದು ಗ್ರಂಥಾಲಯಕ್ಕೂ ಹುಡುಕು ಸರ್ವರು, ಸೂಚಿ ಕಟ್ಟುವವನು, ಹಿನ್ನೆಲೆಯ ಕೆಲಸಗಾರ ಎಲ್ಲರನ್ನೂ ಅದೇ ಎಬ್ಬಿಸಬೇಕು. ಹೀಗೆ ಇದ್ದಾಗ ಸಿಸ್ಟಮ್‌ಡಿಗೆ ಕಾಣುವುದು ಒಂದೇ ಸೇವೆ. ಒಳಗೆ ಒಬ್ಬ ಸತ್ತರೂ ಹೊರಗಿನ ಫಲಕ ‘ಓಡುತ್ತಿದೆ’ ಎಂದೇ ತೋರಿಸುತ್ತದೆ. ಓದುಗ ಪುಸ್ತಕದ ಹೆಸರು ಹೊಡೆದರೆ ಏನೂ ಸಿಗುವುದಿಲ್ಲ; ಗ್ರಂಥಪಾಲಕರು ಪುಸ್ತಕವೇ ಇಲ್ಲವೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಸಿಸ್ಟಮ್‌ಡಿಯಲ್ಲಿ ಒಂದೇ ಅಚ್ಚಿನಿಂದ ಹಲವು ಸೇವೆಗಳನ್ನು ಎತ್ತುವ ಟೆಂಪ್ಲೇಟ್ ಯೂನಿಟ್‌ಗಳಿವೆ. ಪ್ರತಿ ಗ್ರಂಥಾಲಯದ ಪ್ರತಿ ಕೆಲಸಗಾರನಿಗೂ ಪ್ರತ್ಯೇಕ ಹೆಸರು ಕೊಟ್ಟರೆ ಬಿದ್ದವನು ಯಾರೆಂದು ಹೆಸರು ಹಿಡಿದು ಹೇಳಬಹುದು, ಅವನೊಬ್ಬನನ್ನೇ ಎಬ್ಬಿಸಬಹುದು. ಆದರೆ ಹಾಗೆ ಒಡೆದು ಹಂಚುವುದು ಯಂತ್ರಾನುವಾದದಿಂದ ಆಗುವ ಕೆಲಸವಲ್ಲ. ತಂತ್ರಾಂಶದ ಒಳಗನ್ನು ಬಲ್ಲವರು ಕೂತು ಮಾಡಬೇಕು. ಕೊಪ್ಪದ ಗ್ರಂಥಪಾಲಕರೊಬ್ಬರು ಮಾಡಬೇಕೆಂದು ಕೇಳುವುದು ಅನ್ಯಾಯ. ಪ್ಯಾಕೇಜು ಕಟ್ಟುವವರು ಒಮ್ಮೆ ಮಾಡಿದರೆ ಊರೂರಿಗೂ ಆಗುತ್ತದೆ.

ಹೊಸ ಪದ್ಧತಿಗೆ ಬಂದ ಮಾತ್ರಕ್ಕೆ ಮಳೆಗಾಲದ ಸಮಸ್ಯೆ ತೀರುತ್ತದೆಂದು ನಂಬುವವರಿಗೂ ಒಂದು ಮಾತು ಹೇಳಬೇಕು. ಹೊಸ ಪದ್ಧತಿಯ ಪೂರ್ವನಿಯೋಜಿತ ಅಂಕಿಗಳನ್ನು ನೋಡಿದರೆ ಅವು ಕರೆಂಟು ಹೋಗದ ಊರಿನಲ್ಲಿ ಕೂತು ಗೊತ್ತುಮಾಡಿದವು ಎನಿಸುತ್ತದೆ. ಸಿಸ್ಟಮ್‌ಡಿ ಒಂದು ಸೇವೆ ಎದ್ದು ಸಿದ್ಧವಾಗಲು 90 ಸೆಕೆಂಡು ಕಾಯುತ್ತದೆ, ಆಮೇಲೆ ಕೊಲ್ಲುತ್ತದೆ. ಕರೆಂಟು ಹಠಾತ್ತನೆ ಹೋದಾಗ ಡೇಟಾಬೇಸು ಎದ್ದು ತನ್ನ ದಿನಚರಿ ಪುಸ್ತಕ ನೋಡಿ ಅರ್ಧಕ್ಕೆ ನಿಂತ ವ್ಯವಹಾರಗಳನ್ನು ಸರಿಪಡಿಸಿಕೊಳ್ಳಬೇಕು. ನಿಧಾನದ ಡಿಸ್ಕಿನಲ್ಲಿ ಇದಕ್ಕೆ 90 ಸೆಕೆಂಡು ಸಾಲದೆ ಹೋದೀತು. ಚೇತರಿಸಿಕೊಳ್ಳುತ್ತಿರುವವನನ್ನು ಏಳಲಿಲ್ಲವೆಂದು ಹೊಡೆದು ಮಲಗಿಸಿದ ಹಾಗಾಯಿತು. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿ ಇದೇ ಕಾರಣ ಕೊಟ್ಟು ಕಾಯುವ ಅವಧಿಗೆ ಮಿತಿಯೇ ಬೇಡವೆಂದು ಸಲಹೆ ಮಾಡುತ್ತದೆ. ಬಿದ್ದರೆ ಮತ್ತೆ ಎಬ್ಬಿಸು ಎಂದು ಬರೆದರೂ ಅಷ್ಟೆ: ಎರಡು ಯತ್ನಗಳ ನಡುವೆ ಪೂರ್ವನಿಯೋಜಿತ ಬಿಡುವು ಸೆಕೆಂಡಿನ ಹತ್ತನೆಯ ಒಂದು ಭಾಗ; ಹತ್ತು ಸೆಕೆಂಡಿನಲ್ಲಿ ಐದು ಸಲ ಎದ್ದೂ ನಿಲ್ಲಲಾಗದಿದ್ದರೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ಕರೆಂಟು ಬಂದ ಮೇಲೆ ಇಂಟರ್ನೆಟ್ ಸಂಪರ್ಕ ಮರಳಲು ನಿಮಿಷಗಳು ಹಿಡಿಯುವ ಊರಿನಲ್ಲಿ, ಸಂಪರ್ಕವಿಲ್ಲದೆ ತಕ್ಷಣ ಬೀಳುವ ಸೇವೆ ಒಂದೆರಡು ಸೆಕೆಂಡಿನೊಳಗೆ ಐದೂ ಅವಕಾಶ ಕಳೆದುಕೊಂಡು ಮಲಗುತ್ತದೆ. ಇಂಟರ್ನೆಟ್ ಆಮೇಲೆ ಬಂದರೂ ಅದನ್ನು ಕೇಳುವವರಿಲ್ಲ. ‘ನೆಟ್‌ವರ್ಕಿನ ನಂತರ’ ಎಂದು ಬರೆಯುವುದರಲ್ಲೂ ಎರಡು ಬಗೆ. ಒಂದು ಬಗೆಯ ಗುರಿಗೆ ನೆಟ್‌ವರ್ಕಿನ ವ್ಯವಸ್ಥೆ ಶುರುವಾಗಿದ್ದರೆ ಸಾಕು, ಇನ್ನೊಂದು ವಿಳಾಸ ಸಿಕ್ಕುವವರೆಗೂ ಕಾಯುತ್ತದೆ. ಅದೂ ನಿಮ್ಮ ಕೊಠಡಿಯ ಸಂಪರ್ಕವನ್ನಷ್ಟೇ ಬಲ್ಲದು. ಘಟ್ಟದಾಚೆ ಕೇಬಲ್ ತುಂಡಾಗಿದ್ದರೆ ಅದಕ್ಕೆ ತಿಳಿಯದು. ಗಡಿಯಾರದ ಮಾತಂತೂ ಬೇರೆಯೇ. ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಯಂತ್ರ ಎದ್ದಾಗ ತಾನೆಲ್ಲೋ ಹಿಂದಿನ ವರ್ಷದಲ್ಲಿದ್ದೇನೆಂದು ತಿಳಿದಿರುತ್ತದೆ. ಸಮಯ ಸರಿಯಾಗುವ ಮೊದಲೇ ಲೆಕ್ಕದ ತಂತ್ರಾಂಶ ಏಳಲು ಬಿಟ್ಟರೆ ಅಡಕೆಯ ರಸೀದಿಗೆ ಯಾವ ತಾರೀಕು ಬಿದ್ದೀತೆಂದು ಹೇಳುವಂತಿಲ್ಲ. ಇವೆಲ್ಲ ಯೂನಿಟ್ ಫೈಲಿನಲ್ಲಿ ಒಂದೊಂದು ಸಾಲಿನಲ್ಲಿ ಬರೆಯಬಹುದಾದ ಮಾತು, ಆದರೆ ಯಾರಾದರೂ ಬರೆಯಬೇಕು.

ಹಳೆಯದನ್ನು ಎಷ್ಟು ಕಾಲ ಜೊತೆಗೆ ಇಟ್ಟುಕೊಳ್ಳಬೇಕೆಂಬುದು ಮುಂದಿನ ಪ್ರಶ್ನೆ. ಸಿಸ್ಟಮ್‌ಡಿ ಮೊದಲಿನಿಂದಲೂ ಹಳೆಯ ಸ್ಕ್ರಿಪ್ಟುಗಳನ್ನು ಓದಿ, ಅವಕ್ಕೊಂದು ಯೂನಿಟ್ಟಿನ ವೇಷ ಹಾಕಿ ಓಡಿಸುವ ಸೌಲಭ್ಯ ಕೊಟ್ಟಿತು. ಅದು ಇಲ್ಲದಿದ್ದರೆ ಸಾವಿರಾರು ಪ್ಯಾಕೇಜುಗಳು ಒಂದೇ ದಿನ ನಿಲ್ಲುತ್ತಿದ್ದವು. ಆದರೆ ವೇಷ ಹಾಕಿದ್ದೇ ಸಾಕೆನಿಸಿ ನಿಜವಾದ ಕೆಲಸವನ್ನು ಹತ್ತು ವರ್ಷ ಮುಂದೂಡಿದವರೂ ಇದ್ದಾರೆ. ಕರ್ನಾಟಕ ಇದಕ್ಕಿಂತ ಎಷ್ಟೋ ದೊಡ್ಡ ಬದಲಾವಣೆಯನ್ನು ನೋಡಿದೆ: ಭೂಮಿ ಯೋಜನೆ. ಸುಮಾರು ಒಂಬತ್ತು ಸಾವಿರ ಗ್ರಾಮಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳು ಈ ಶತಮಾನದ ಮೊದಲ ವರ್ಷಗಳಲ್ಲಿ ತಾಲ್ಲೂಕು ಕೇಂದ್ರದ ಕಂಪ್ಯೂಟರಿಗೆ ಬಂದವು. ಅಲ್ಲಿ ಮಾಡಿದ ಗಟ್ಟಿ ನಿರ್ಧಾರವೆಂದರೆ, ಒಂದು ತಾಲ್ಲೂಕಿನಲ್ಲಿ ಕಿಯೋಸ್ಕ್ ಶುರುವಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ಎರಡೂ ಜೊತೆಗೆ ನಡೆಯಲು ಬಿಟ್ಟಿದ್ದರೆ ಕಂಪ್ಯೂಟರಿನಲ್ಲಿ ಒಬ್ಬ ಮಾಲೀಕ, ಪುಸ್ತಕದಲ್ಲಿ ಇನ್ನೊಬ್ಬ ಮಾಲೀಕ ಎಂಬ ಸ್ಥಿತಿ ಬಂದು ಹೊಸದನ್ನು ಯಾರೂ ನಂಬುತ್ತಿರಲಿಲ್ಲ. ಭೂಮಿಯ ಬಗ್ಗೆ ಬಂದ ಗಂಭೀರ ಆಕ್ಷೇಪವನ್ನೂ ಇಲ್ಲೇ ನೆನೆಯಬೇಕು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನದ ವಾದವೆಂದರೆ, ಹಳ್ಳಿಯ ಮಟ್ಟದಲ್ಲಿ ನಡೆಯುತ್ತಿದ್ದ ಕೊಡುಕೊಳ್ಳುವಿಕೆ, ಒಪ್ಪಂದ, ನೆನಪುಗಳಿಗೆ ಹೊಸ ವ್ಯವಸ್ಥೆಯಲ್ಲಿ ಜಾಗವಿಲ್ಲ. ಅಧಿಕಾರ ಮೇಲಕ್ಕೆ ಸರಿಯಿತು. ಆ ವಾದದ ಎಲ್ಲ ತೀರ್ಮಾನಗಳನ್ನೂ ಒಪ್ಪದವರು ಕೂಡ ಅದರ ತಿರುಳನ್ನು ತಳ್ಳಿಹಾಕಲಾಗದು. ಪುಸ್ತಕದ ಅಂಚಿನಲ್ಲಿ ಲೆಕ್ಕಿಗ ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಹೊಸ ನಮೂನೆಯ ಯಾವ ಕಾಲಮಿಗೂ ಬರದೆ ಉಳಿಯಬಹುದು. ಈ ಎರಡನ್ನೂ ಒಟ್ಟಿಗೆ ಹಿಡಿದರೆ ನನಗೆ ಕಾಣುವ ದಾರಿ ಇದು: ಹಳೆಯದಕ್ಕೊಂದು ಕೊನೆಯ ದಿನ ಇರಲಿ, ಆದರೆ ಆ ದಿನಕ್ಕೆ ಮುಂಚೆ ಅದರ ಅಂಚಿನ ಬರಹವನ್ನು ಯಾರಾದರೂ ಪೂರ್ತಿ ಓದಿ ಮುಗಿಸಿರಲಿ.

ಆಕ್ಷೇಪಗಳಲ್ಲಿ ತೀರ ಸಾಮಾನ್ಯವಾದದ್ದು, ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು ಎಂಬುದು. ನಡೆಯುತ್ತಿದೆ ಎಂಬ ಮಾತಿನಲ್ಲಿ ಯಾರು ನಡೆಸುತ್ತಿದ್ದಾರೆ ಎಂಬುದು ಅಡಗಿರುತ್ತದೆ. ಕೈಯಾರೆ ಎಬ್ಬಿಸುವವರು ರಜೆ ಹಾಕಿದ ದಿನ ಅದು ಬಯಲಾಗುತ್ತದೆ. ಅದೂ ಅಲ್ಲದೆ ಕೆಳಗಿನ ನೆಲ ಸುಮ್ಮನಿಲ್ಲ. ಡೆಬಿಯನ್ ಸದಸ್ಯರು 2019ರ ಡಿಸೆಂಬರಿನಲ್ಲಿ ಮತ ಹಾಕಿ ಸಿಸ್ಟಮ್‌ಡಿಯೇ ಮುಖ್ಯ, ಬೇರೆ ದಾರಿಗಳ ಪ್ರಯೋಗಕ್ಕೆ ಅಡ್ಡಿಯಿಲ್ಲ ಎಂದು ತೀರ್ಮಾನಿಸಿದ ಮೇಲೆ ಹಲವು ಪ್ಯಾಕೇಜುಗಳು ಹಳೆಯ ಸ್ಕ್ರಿಪ್ಟನ್ನು ಕೈಬಿಟ್ಟವು. ಅನಾಥವಾದ ಸ್ಕ್ರಿಪ್ಟುಗಳನ್ನೆಲ್ಲ ಕೂಡಿಟ್ಟುಕೊಳ್ಳಲು ಪ್ರತ್ಯೇಕ ಪ್ಯಾಕೇಜನ್ನೇ ಮಾಡಬೇಕಾಯಿತು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಒಂದೇ ಯೋಜನೆಯ ಕೈಯಲ್ಲಿ ಬೂಟು, ದಾಖಲೆ, ಲಾಗಿನ್, ಹೆಸರು ಹುಡುಕುವಿಕೆ ಎಲ್ಲ ಸೇರುವುದು ಒಳ್ಳೆಯದಲ್ಲ. 2014ರಲ್ಲಿ ಡೆಬಿಯನ್ನಿನಿಂದ ಒಡೆದು ಡೆವುಆನ್ ಹುಟ್ಟಿದ್ದು ಇದೇ ಕಾರಣಕ್ಕೆ. ಆಲ್ಪೈನ್ ವಿತರಣೆ ಓಪನ್‌ಆರ್‌ಸಿ ಎಂಬ ಬೇರೆ ವ್ಯವಸ್ಥೆಯಿಂದ ನಡೆಯುತ್ತದೆ, ವಾಯ್ಡ್ ವಿತರಣೆ ರನಿಟ್ ಎಂಬ ಇನ್ನೊಂದರಿಂದ. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. ಸೇವೆಗೆ ಏನು ಬೇಕೆಂಬುದನ್ನು ಒಮ್ಮೆ ಸ್ಪಷ್ಟವಾಗಿ ಬರೆದಿಟ್ಟರೆ ಅದನ್ನು ರನಿಟ್‌ಗೂ ಹೇಳಬಹುದು, ನಾಳೆ ಬರುವ ಇನ್ನೊಂದಕ್ಕೂ ಹೇಳಬಹುದು. ಸ್ಕ್ರಿಪ್ಟನ್ನು ಯಾರು ಬೇಕಾದರೂ ಓದಬಹುದಿತ್ತು ಎನ್ನುವವರು ಮುನ್ನೂರು ಸಾಲಿನ ಶೆಲ್ ಸ್ಕ್ರಿಪ್ಟನ್ನು ಎಷ್ಟು ಜನ ಓದಿದ್ದರೆಂದೂ ಹೇಳಲಿ. ದಾಖಲೆಯನ್ನು ಬೈನರಿಯಲ್ಲಿ ಇಡುವ ಪದ್ಧತಿಯ ಬಗ್ಗೆ ಮಾತ್ರ ನಾನು ಟೀಕಾಕಾರರ ಪಕ್ಷವೇ: ಕರೆಂಟು ಹೋದ ಕ್ಷಣದ ಕೊನೆಯ ಸಾಲುಗಳೇ ನಮಗೆ ಮುಖ್ಯವಾದ್ದರಿಂದ, ಸಾದಾ ಪಠ್ಯದ ದಾಖಲೆಯನ್ನೂ ಜೊತೆಗೆ ಇಟ್ಟುಕೊಳ್ಳುವುದು ಕ್ಷೇಮ, ಮತ್ತು ಅದಕ್ಕೆ ಅಡ್ಡಿಯೂ ಇಲ್ಲ.

ಹಾಗಾದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನ ಸಂಸ್ಥೆಗಳು ಮಾಡಬೇಕಾದದ್ದೇನು? ತಂತ್ರಾಂಶ ಕೊಳ್ಳುವಾಗ ಕೇಳುವ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಬೇಕು: ಕರೆಂಟು ಹೋಗಿ ಬಂದರೆ ಯಾರೂ ಮುಟ್ಟದೆ ಇದು ಎದ್ದು ನಿಲ್ಲುತ್ತದೆಯೇ, ತೋರಿಸಿ. ತೋರಿಸುವುದೆಂದರೆ ಪ್ಲಗ್ ಕೀಳುವುದು. ಅಸಲಿ ದತ್ತಾಂಶವಿರುವ ಯಂತ್ರದಲ್ಲಿ ಬೇಡ, ಪ್ರತಿ ಇರುವ ಯಂತ್ರದಲ್ಲಿ. ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುಂಚೆ. ಇಂಟರ್ನೆಟ್ ತಂತಿಯನ್ನು ಕಿತ್ತು ಒಮ್ಮೆ, ಹಾಕಿ ಒಮ್ಮೆ. ಆಗ ಬಿದ್ದ ಸೇವೆಗೆ ಮಾಡುವ ತಿದ್ದುಪಡಿಯನ್ನು ಎಲ್ಲಿ ಬರೆಯಬೇಕೆಂಬುದೂ ಮುಖ್ಯ. ಪ್ಯಾಕೇಜು ತಂದಿಟ್ಟ ಯೂನಿಟ್ ಫೈಲನ್ನೇ ತಿದ್ದಿದರೆ ಮುಂದಿನ ಅಪ್‌ಡೇಟಿಗೆ ಅದು ಅಳಿಸಿಹೋಗುತ್ತದೆ. ಸಿಸ್ಟಮ್‌ಡಿಯಲ್ಲಿ ಅದೇ ಸೇವೆಯ ಹೆಸರಿನ ಪಕ್ಕದ ಕೋಶದಲ್ಲಿ, ಬದಲಾದ ಎರಡು ಸಾಲನ್ನಷ್ಟೇ ಬರೆದಿಡುವ ಡ್ರಾಪ್‌ಇನ್ ಸೌಲಭ್ಯವಿದೆ. ಕಾಯುವ ಅವಧಿ ಇಷ್ಟು, ಮರುಯತ್ನಗಳ ನಡುವೆ ಅರ್ಧ ನಿಮಿಷ ಬಿಡುವು, ಯತ್ನಗಳಿಗೆ ಮಿತಿ ಬೇಡ ಎಂಬಂಥ ಊರಿನ ಅಗತ್ಯಗಳಿಗೆ ಅದೇ ಜಾಗ. ಆದರೆ ಡೇಟಾಬೇಸು ಚೇತರಿಸಿಕೊಳ್ಳುವವರೆಗೆ ಕಾಯಬೇಕೆಂಬುದು ಕೊಪ್ಪದ ವಿಶೇಷವಲ್ಲ. ಕರೆಂಟು ಹೋಗುವ ಎಲ್ಲ ಊರಿಗೂ ಅದು ಬೇಕು. ಅಂಥ ತಿದ್ದುಪಡಿಯನ್ನು ಇಲ್ಲೇ ಬಚ್ಚಿಟ್ಟುಕೊಳ್ಳದೆ ಪ್ಯಾಕೇಜು ಕಟ್ಟುವವರಿಗೆ ಕಳಿಸಬೇಕು: ಯಾವ ಸೇವೆ, ಯಾವ ಆವೃತ್ತಿ, ಎಷ್ಟು ಸೆಕೆಂಡಿಗೆ ಬಿತ್ತು, ದಾಖಲೆಯ ಕೊನೆಯ ಸಾಲುಗಳೇನು. ದತ್ತಾಂಶ ಕೇಂದ್ರಗಳಲ್ಲಿ ಕೂತು ಬರೆಯುವವರಿಗೆ ಈ ವರದಿ ತಮ್ಮ ಯಂತ್ರಗಳಿಂದ ಸಿಗುವುದಿಲ್ಲ, ಅಲ್ಲಿ ಜನರೇಟರು ಇರುತ್ತದೆ.